ತಂದೆ ಎ, ತಾಯಿ ಬಿ: ಮಗುವಿಗೆ ಓ ಗುಂಪಿನ ರಕ್ತ ಬರಬಹುದೇ?

ಬರಬಹುದು, ಅನುಮಾನಪಡುವಂಥದ್ದೇನೂ ಇಲ್ಲ. ರಕ್ತದ ಗುಂಪನ್ನು ನಿರ್ಧರಿಸುವ ಜೀನ್‌ನ ಎರಡು ಪ್ರತಿಗಳು ಪ್ರತಿಯೊಬ್ಬರಲ್ಲೂ ಇರುತ್ತವೆ. ಮಗುವಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು. ಎ, ಬಿ ಎರಡರ ಮುಂದೆಯೂ ಓ ಅಡಗಿಬಿಡುತ್ತದೆ. ಹಾಗಾಗಿ ಎ ಗುಂಪಿನವರು ಎಎ ಇರಬಹುದು, ಎಓ ಇರಬಹುದು. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಇದು ತಿಳಿಯುವುದಿಲ್ಲ. ತಂದೆ ಎಓ, ತಾಯಿ ಬಿಓ ಆಗಿದ್ದರೆ ಪ್ರತಿ ಬಸಿರಿನಲ್ಲೂ ಎ, ಬಿ, ಎಬಿ, ಓ ತಲಾ 25% ಸಾಧ್ಯತೆ. ಮೊದಲ ಮಗು ಓ ಆಯಿತೆಂದು ಎರಡನೆಯದರ ಲೆಕ್ಕ ಬದಲಾಗದು.

ಪೋಷಕರಲ್ಲೊಬ್ಬರು ಎಬಿ ಆಗಿದ್ದೂ ಮಗು ಓ ಎಂದು ವರದಿ ಬಂದರೆ ಮೊದಲು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಆಮೇಲೆ ಆಂಟಿ-ಎಚ್ ಪರೀಕ್ಷೆ ಕೇಳಿ. ಎ, ಬಿ ಗುರುತುಗಳು ಮೂಡಲು ರಕ್ತಕಣದ ಮೇಲೆ ಬೇಕಾದ ಮೂಲ ವಸ್ತು, ಅಂದರೆ ಎಚ್ ಪ್ರತಿಜನಕ, ಇದೆಯೇ ಎಂದು ಅದು ತೋರಿಸುತ್ತದೆ. 1952ರಲ್ಲಿ ವರದಿಯಾದ ಬಾಂಬೆ ರಕ್ತಗುಂಪಿನಲ್ಲಿ ಎಚ್ ಪ್ರತಿಜನಕವೇ ಇರುವುದಿಲ್ಲ. ಎ, ಬಿ ಜೀನ್ ಇದ್ದರೂ ರಕ್ತ ಓ ಥರ ಕಾಣುತ್ತದೆ. ಓ ರಕ್ತದಲ್ಲಿ ಎಚ್ ಇರುವುದರಿಂದ ಇಂಥವರಿಗೆ ಅದನ್ನು ಕೊಟ್ಟರೂ ಅಪಾಯ.