ಆಪ್ತಸಲಹೆ ಪ್ರಕರಣ: ಜಿಂಬಾಬ್ವೆ ಮೇಷ್ಟ್ರು ಮತ್ತು ಏಳು ಹಸು

"ನಂಗೆ ಕಾಯಿಲೆ ಗೀಯಿಲೆ ಏನಿಲ್ಲ ಅಮಾಯಿ, ಯೋಚನೆ ಜಾಸ್ತಿ ಆಗಿದೆ ಅಷ್ಟೇ" ಅಂದ್ರು ಮೊದಲ್ನೇ ದಿನ. ಕೋಟ್ ಬಿಚ್ಚಿರ್ಲಿಲ್ಲ, ಕುರ್ಚಿ ತುದೀಲಿ ಕೂತಿದ್ರು, ಎರಡು ನಿಮಿಷಕ್ಕೊಂದ್ಸಲ ಫೋನ್ ನೋಡ್ತಿದ್ರು ಯಾಕಂದ್ರೆ ಶಿಫ್ಟ್ ಮೆಸೇಜ್ ಬಂದ್ ತಕ್ಷಣ ಒಪ್ಕೋಬೇಕು, ಇಲ್ಲಾಂದ್ರೆ ಅದು ಬೇರೆಯೋರ ಪಾಲು.

ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ವಲಸೆ ಬಂದೋರಿಗೆ ಫ್ರೀಯಾಗಿ ಆಪ್ತಸಲಹೆ ಕೊಡೋ ಕಡೆ ವಾರಕ್ಕೆರಡು ದಿನ ಕೂರ್ತೀನಿ. ಈ ಊರಲ್ಲಿ ಗುಜರಾತಿಗಳು ಜಾಸ್ತಿ ಅಂತ ಎಲ್ರಿಗೂ ಗೊತ್ತು, ಜಿಂಬಾಬ್ವೆಯೋರೂ ಬಹಳ ಜನ ಇದಾರೆ ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಅಲ್ಲಿಂದ ಬಂದ ಇವ್ರ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗೋ ವಿವರ ಎಲ್ಲಾ ಬದಲಾಯ್ಸಿದೀನಿ. ಹೆಸರು ಬೇಡ, ಮೇಷ್ಟ್ರು ಅಂತಾನೇ ಕರೀತೀನಿ, ಅದ್ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಅಮಾಯಿ ಅಂದ್ರೆ ಅವ್ರ ಶೋನಾ ಭಾಷೇಲಿ ಅಮ್ಮ ಅಂತ, ವಯಸ್ಸಾದ ಹೆಂಗಸರನ್ನ ನಾವು ಕರ್ಯೋ ಹಂಗೇ.

ವಯಸ್ಸು ನಲವತ್ತರ ಆಸುಪಾಸು. ಮಸ್ವಿಂಗೋ ಕಡೆ ಒಂದು ಮಿಷನ್ ಸ್ಕೂಲಲ್ಲಿ ಹದಿನೈದು ವರ್ಷ ಎ ಲೆವೆಲ್ ಅಂದ್ರೆ ನಮ್ಮ ಪಿಯುಸಿ ಥರದ ಕ್ಲಾಸಿಗೆ ಫಿಸಿಕ್ಸ್ ಪಾಠ ಮಾಡಿದೋರು. ಕೆಲ್ಸಕ್ಕೆ ಸೇರಿದ್ದು 2008ರಲ್ಲಿ, ಆ ದೇಶದ ಹಣ ಕಸಕ್ಕಿಂತ ಕಡೆ ಆಗಿದ್ದ ವರ್ಷ, ತಿಂಗಳ ಸಂಬಳ ತಗೊಂಡು ಬಸ್ ಹತ್ತೋಕೆ ಹೋದ್ರೆ ಟಿಕೆಟ್ಟಿಗೂ ಸಾಲ್ತಿರ್ಲಿಲ್ವಂತೆ. 2009ರ ಜನವರಿಲಿ ಅಲ್ಲಿ ನೂರು ಟ್ರಿಲಿಯನ್ ಡಾಲರ್ ನೋಟು ಬಂತಲ್ಲ, ಆ ಕಾಲ. ಆಗಲೂ ಬಿಟ್ಟು ಬರ್ಲಿಲ್ಲ. ಆಮೇಲೆ ಮಕ್ಕಳ ಫೀಸು, ತಾಯಿ ಔಷಧಿ, ಸಂಬಳ ಬೆಲೆ ಕಳ್ಕೊಳ್ತಾನೇ ಹೋಯ್ತು, ಜೊತೆ ಟೀಚರ್‌ಗಳೆಲ್ಲ ರೆಡ್ ಕ್ರಾಸ್‌ನಲ್ಲಿ ನರ್ಸ್ ಏಡ್ ಕೋರ್ಸ್ ಮಾಡ್ಕೊಂಡು ಒಬ್ಬೊಬ್ರಾಗಿ ಇಂಗ್ಲೆಂಡಿಗೆ ಹೊರಟ್ರು. ಯಾಕಂದ್ರೆ 2022ರ ಫೆಬ್ರವರಿಲಿ ಇಲ್ಲಿಯ ಸರ್ಕಾರ ಕೇರ್ ವರ್ಕರ್ ಕೆಲ್ಸಕ್ಕೆ ವೀಸಾ ಬಾಗಿಲು ತೆಗೀತು. ಕೇರ್ ವರ್ಕ್ ಅಂದ್ರೆ ವಯಸ್ಸಾದೋರ ಮನೆಗೆ ಹೋಗಿ ಸ್ನಾನ ಮಾಡ್ಸೋದು, ಬಟ್ಟೆ ಬದಲಾಯ್ಸೋದು, ಊಟ ಮಾಡ್ಸೋದು. ಜಿಂಬಾಬ್ವೆಯೋರು ಇದನ್ನ ತಮ್ಮೊಳಗೆ "ಬಿಬಿಸಿ" ಅಂತಾರೆ, ಬ್ರಿಟಿಷ್ ಬಾಟಮ್ ಕ್ಲೀನರ್ಸ್. ನಕ್ಕೊಂಡೇ ಹೇಳಿದ್ರು ಮೇಷ್ಟ್ರು, ಕಣ್ಣಲ್ಲಿ ನಗು ಇರ್ಲಿಲ್ಲ.

ಏಳು ಹಸು ಮಾರಿ, ಅಣ್ಣನ ಹತ್ರ ಸಾಲ ಮಾಡಿ, ಏಜೆಂಟ್ ಕೈಗೆ ಕೊಟ್ಟಿದ್ದು ಒಟ್ಟು 6,500 ಪೌಂಡ್. ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ರೇಟು ಅಂತ, ಅಂದ್ರೆ ಇವ್ರಿಗೆ ಕೆಲ್ಸ ಕೊಡ್ತೀವಿ ಅಂತ ಇಲ್ಲಿಯ ಕಂಪನಿ ವೀಸಾಗೆ ಕೊಡೋ ಪತ್ರ. ಆಗ ಆ ಸರ್ಟಿಫಿಕೇಟಿಗೆ ಸರ್ಕಾರದ ಫೀ 239 ಪೌಂಡ್, ಅದನ್ನ ಕಟ್ಬೇಕಾದೋನು ಕೆಲ್ಸ ಕೊಡೋನು. ಇದನ್ನ ನಾನು ಹೇಳಿದಾಗ ಮೇಷ್ಟ್ರು ಬಹಳ ಹೊತ್ತು ಮಾತಾಡ್ಲಿಲ್ಲ. ಏಜೆಂಟ್ ಇವತ್ತು ನಾಳೆ ಅಂತ ತಳ್ಳಿ ತಳ್ಳಿ ವೀಸಾ ಅರ್ಜಿ ಹೋಗಿದ್ದು 2024ರ ಏಪ್ರಿಲ್‌ನಲ್ಲಿ, ಅಷ್ಟೊತ್ತಿಗೆ ಮಾರ್ಚ್ 11ರಿಂದ ಕೇರ್ ವರ್ಕರ್‌ಗಳು ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಬರೋ ಹಾಗಿಲ್ಲ ಅಂತ ರೂಲ್ ಬಂದಾಗಿತ್ತು. ಕೆಲವೇ ವಾರದ ವ್ಯತ್ಯಾಸ. ಇಲ್ಲಿ ಬಂದ್ಮೇಲೆ ಕಾಗದದ ಮೇಲೆ ವಾರಕ್ಕೆ 39 ಗಂಟೆ ಕೆಲ್ಸ, ಕೈಗೆ ಸಿಕ್ಕಿದ್ದು ಹನ್ನೆರಡೋ ಹದಿನೈದೋ. ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಾಡೋ ಟೈಮಿಗೆ ದುಡ್ಡಿಲ್ಲ. ನಾಲ್ಕು ಜನ ಒಂದು ರೂಮು. ಆದ್ರೂ ಪ್ರತಿ ತಿಂಗಳು ಊರಿಗೆ ದುಡ್ಡು ಕಳಿಸ್ತಿದ್ರು, ಊಟ ಬಿಟ್ಟು. ಹೆಂಡ್ತಿಗೆ ಹೇಳಿದ್ದೇನು ಗೊತ್ತಾ, ಸ್ಕೂಲಲ್ಲಿ ಕೆಲ್ಸ ಸಿಕ್ಕಿದೆ ಅಂತ. ವಿಡಿಯೋ ಕಾಲ್ ಬಂದಾಗ ಟೈ ಕಟ್ಕೊಂಡು ಕೂರ್ತಿದ್ರು.

ಮೊದಲೆರಡು ಸೆಷನ್ ನಾನು ಮಾಮೂಲಿ ದಾರೀಲೇ ಹೋದೆ, ನಿದ್ರೆ, ಉಸಿರಾಟ, ದಿನಚರಿ. ಅದು ತಪ್ಪಾಯ್ತು ಅಂತ ಈಗ ಅನ್ಸುತ್ತೆ, ರಾತ್ರಿ ಮೂರಕ್ಕೆ ಎಚ್ಚರ ಆಗೋ ಮನುಷ್ಯನ ತಲೇಲಿ ಸಾಲದ ಲೆಕ್ಕ ಓಡ್ತಿರುವಾಗ ಉಸಿರು ಎಣ್ಸಿ ಅಂದ್ರೆ ಅವ್ರು ಮರ್ಯಾದೆಗೆ ಹೂಂ ಅಂತಾರೆ ಅಷ್ಟೇ. ಮೂರನೇ ಸಲ ಕೇಳ್ದೆ, "ಯೋಚನೆ ಜಾಸ್ತಿ" ಅಂದ್ರಲ್ಲ, ಅದಕ್ಕೆ ನಿಮ್ಮ ಭಾಷೇಲಿ ಏನಂತೀರಿ? "ಕುಫುಂಗಿಸಿಸಾ" ಅಂದ್ರು. ಬಿಡದೆ ಕೊರೆಯೋ ಯೋಚನೆ. ನಮ್ಮಲ್ಲೂ ಹೇಳ್ತಾರಲ್ಲ, ಚಿತೆ ಸತ್ತೋರನ್ನ ಸುಡುತ್ತೆ ಚಿಂತೆ ಬದುಕಿರೋರನ್ನ ಸುಡುತ್ತೆ ಅಂತ, ಅದನ್ನ ಅವ್ರಿಗೆ ಹೇಳ್ದೆ. ಅವತ್ತು ಮೊದಲ್ನೇ ಸಲ ಕೋಟ್ ಬಿಚ್ಚಿ ಕುರ್ಚಿಗೆ ಹಾಕಿ ಒರಗಿ ಕೂತ್ರು.

ಅವ್ರ ದೇಶದಲ್ಲೇ ಇದಕ್ಕೊಂದು ದಾರಿ ಇದೆ. ಹರಾರೆಯ ಮನೋವೈದ್ಯ ಡಾ. ಡಿಕ್ಸನ್ ಚಿಬಾಂಡ ಅವ್ರ ಪೇಷೆಂಟ್ ಒಬ್ಬಳು ಆಸ್ಪತ್ರೆಗೆ ಬರೋಕೆ ಬಸ್ ಚಾರ್ಜು 15 ಡಾಲರ್ ಇಲ್ದೇ ಜೀವ ಕಳ್ಕೊಂಡ್ಲು, ಆ ನೋವಲ್ಲಿ ಅವ್ರು 2006ರಲ್ಲಿ ಎಂಬಾರೆ ಅನ್ನೋ ಬಡವರ ಬಡಾವಣೇಲಿ 14 ಜನ ಅಜ್ಜಿಯರಿಗೆ ಟ್ರೇನಿಂಗ್ ಕೊಟ್ಟು ಶುರು ಮಾಡಿದ್ದು ಫ್ರೆಂಡ್‌ಶಿಪ್ ಬೆಂಚ್. ಕ್ಲಿನಿಕ್ ಹೊರಗೆ ಮರದ ಬೆಂಚು, ಪಕ್ಕದಲ್ಲಿ ಅಜ್ಜಿ. ಅಜ್ಜಿ ನಿನಗೆ ಡಿಪ್ರೆಶನ್ ಅನ್ನಲ್ಲ, ಕಷ್ಟ ಎಲ್ಲಾ ಹೇಳು ಅಂತಾಳೆ, ಆಮೇಲೆ ಅದ್ರಲ್ಲಿ ಒಂದೇ ಒಂದನ್ನ ಆರಿಸ್ಕೊ ಅಂತಾಳೆ, ಅದಕ್ಕೆ ಈ ವಾರ ಏನು ಮಾಡ್ಬಹುದು ಅಂತ ಇಬ್ರೂ ಕೂತು ಯೋಚಿಸ್ತಾರೆ. 573 ಜನರ ಮೇಲೆ ಮಾಡಿದ ಅಧ್ಯಯನ 2016ರಲ್ಲಿ ಪ್ರಕಟ ಆಯ್ತು, ಮಾಮೂಲಿ ಚಿಕಿತ್ಸೆಗಿಂತ ಇದ್ರಿಂದ ಜನಕ್ಕೆ ಚೆನ್ನಾಗಿ ಗುಣ ಸಿಕ್ಕಿತ್ತು. ನಾವೂ ಹಂಗೇ ಮಾಡೋಣ ಅಂದೆ. ನೀವೇ ಆ ಅಜ್ಜಿ ಹಾಗಾದ್ರೆ ಅಂದ್ರು.

ಪೇಪರ್ ಮೇಲೆ ಬರೆಸ್ದೆ. ಹದಿಮೂರು ಸಾಲು ಆಯ್ತು. ಕೊನೇ ಸಾಲು ಬರೆಯೋಕೆ ಪೆನ್ನು ನಿಂತಿದ್ದು ನೋಡಿ ನೇರವಾಗೇ ಕೇಳ್ದೆ, ಸಾಯ್ಬೇಕು ಅನ್ಸಿದೆಯಾ ಅಂತ. ಇದನ್ನ ಕೇಳೋಕೆ ಹೆದರ್ಬಾರ್ದು, ಕೇಳಿದ್ರಿಂದ ಯಾರಿಗೂ ಹೊಸದಾಗಿ ಆ ಯೋಚನೆ ಬರಲ್ಲ. ಹೌದು, ಎರಡು ರಾತ್ರಿ ಅಂದ್ರು. ಮಿಕ್ಕಿದ್ದೆಲ್ಲ ಪಕ್ಕಕ್ಕಿಟ್ಟು ಅವತ್ತು ಆ ಒಂದನ್ನೇ ಮಾತಾಡಿದ್ವಿ, ಜೀಪಿ ಅಂದ್ರೆ ಇಲ್ಲಿಯ ಫ್ಯಾಮಿಲಿ ಡಾಕ್ಟರ್ ಅಪಾಯಿಂಟ್‌ಮೆಂಟ್ ಅಲ್ಲೇ ಮಾಡ್ಸಿದೆ, ರಾತ್ರಿ ಎಷ್ಟೊತ್ತಾದ್ರೂ ಫ್ರೀಯಾಗಿ ಮಾತಾಡೋಕೆ ಸಮಾರಿಟನ್ಸ್ ನಂಬರ್ 116 123 ಫೋನಲ್ಲಿ ಸೇವ್ ಮಾಡ್ಸಿದೆ, ರೂಮ್ ಮೇಟ್ ಒಬ್ಬರಿಗೆ ವಿಷಯ ಹೇಳೋಕೆ ಒಪ್ಪಿಸ್ದೆ.

ಮುಂದಿನ ವಾರ ಅವ್ರು ಆರಿಸ್ಕೊಂಡ ಸಾಲು ನಂಗೆ ಆಶ್ಚರ್ಯ ಆಯ್ತು. ಸಾಲ ಅಲ್ಲ, ವೀಸಾ ಅಲ್ಲ. "ಟೈ." ಹೆಂಡ್ತಿಗೆ ನಿಜ ಹೇಳೋದು.

ನಾನು ಕೊಟ್ಟ ಸಲಹೆ ಇಷ್ಟೇ: ಪೂರ್ತಿ ಕಥೆ ಒಂದೇ ಫೋನಲ್ಲಿ ಬೇಡ, ಮೊದಲು ಕೆಲ್ಸದ ವಿಷಯ ಹೇಳಿ, ಕ್ಷಮೆ ಕೇಳಿ, ದುಡ್ಡಿನ ಲೆಕ್ಕ ಇಬ್ರೂ ಸೇರಿ ಮಾಡಿ, ಯಾಕಂದ್ರೆ ನೀವು ಹಸಿದು ಕಳಿಸೋ ದುಡ್ಡು ಅಂತ ಗೊತ್ತಿದ್ರೆ ಆಕೆ ಯಾವ ಖರ್ಚು ಮುಂದೆ ಹಾಕ್ಬಹುದು ಅಂತ ಆಕೆಗೇ ಗೊತ್ತಿರುತ್ತೆ. ಹೇಳಿದ್ರು. ಆಕೆ ಅತ್ತಿದ್ದು ಸುಳ್ಳು ಹೇಳಿದ್ದಕ್ಕೆ, ಕೇರ್ ಕೆಲ್ಸಕ್ಕಲ್ಲ. ನನ್ನ ಅಮ್ಮನ್ನ ಕೊನೇ ದಿನಗಳಲ್ಲಿ ನೋಡ್ಕೊಂಡಿದ್ದು ನೀನೇ ಅಲ್ವಾ, ಅದ್ರಲ್ಲಿ ನಾಚಿಕೆ ಏನು ಅಂದ್ರಂತೆ.

ವೀಸಾ ವಿಷಯದಲ್ಲಿ ನಾನು ಬಾಯಿ ಬಿಡೋ ಹಾಗಿಲ್ಲ, ರಿಜಿಸ್ಟರ್ ಆಗ್ದೇ ಇಮಿಗ್ರೇಶನ್ ಸಲಹೆ ಕೊಟ್ರೆ ಇಲ್ಲಿ ಅಪರಾಧ, ಅದು ಸರಿಯೇ, ಏಜೆಂಟ್‌ಗಳ ಮಾತು ನಂಬಿ ಹಾಳಾಗಿರೋರು ಸಾಕು. ಹಾಗಾಗಿ ಇಮಿಗ್ರೇಶನ್ ಅಡ್ವೈಸ್ ಅಥಾರಿಟಿಲಿ ನೋಂದಾಯಿಸಿದ ಒಬ್ಬ ಸಲಹೆಗಾರರ ಹತ್ರ ಕಳಿಸ್ದೆ, ಎಲ್ಲಾ ಪೇಸ್ಲಿಪ್, ಏಜೆಂಟ್ ವಾಟ್ಸಾಪ್ ಮೆಸೇಜು, ದುಡ್ಡು ಕಳಿಸಿದ ರಸೀದಿ ಇಟ್ಕೊಳಿ, ಯಾರೇ ಕೇಳಿದ್ರೂ ಇನ್ನೊಂದು ಪೌಂಡ್ ಕೊಡ್ಬೇಡಿ ಅಂದೆ. ಕಂಪ್ಲೇಂಟ್ ಕೊಡೋದಕ್ಕೆ ಅವ್ರು ಹಿಂದೆಮುಂದೆ ನೋಡಿದ್ದು ಹೇಡಿತನದಿಂದ ಅಲ್ಲ. ಹೊರದೇಶದೋರನ್ನ ಸ್ಪಾನ್ಸರ್ ಮಾಡೋ ಕಂಪನಿ ಲೈಸೆನ್ಸ್ ಹೋದ್ರೆ ಅಲ್ಲಿ ಹಾಗೆ ಬಂದಿರೋ ಎಲ್ರಿಗೂ ಹೋಮ್ ಆಫೀಸಿಂದ ಅಂದ್ರೆ ವೀಸಾ ನೋಡ್ಕೊಳ್ಳೋ ಸರ್ಕಾರಿ ಇಲಾಖೆಯಿಂದ ಪತ್ರ ಬರುತ್ತೆ, ಸಾಮಾನ್ಯವಾಗಿ 60 ದಿನದಲ್ಲಿ ಹೊಸ ಸ್ಪಾನ್ಸರ್ ಹುಡುಕ್ಬೇಕು ಇಲ್ಲಾ ದೇಶ ಬಿಡ್ಬೇಕು. "ನಾನು ಬಾಯಿಬಿಟ್ರೆ ಎಂಟು ಜನ ಬೀದಿಗೆ ಬರ್ತಾರೆ ಅಮಾಯಿ." ಮೋಸ ಹೋದೋನೇ ಮೋಸವನ್ನ ಮುಚ್ಚಿಡ್ಬೇಕಾದ ಇಂಥ ವ್ಯವಸ್ಥೆ ನೋಡಿದ್ರೆ ನಂಗೆ ನಿಜವಾಗ್ಲೂ ಸಿಟ್ಟು ಬರುತ್ತೆ. ಕೊಡಿ ಅಂತಾನೂ ಬೇಡ ಅಂತಾನೂ ನಾನು ಹೇಳ್ಲಿಲ್ಲ, ಎಂಟೂ ಜನರನ್ನ ಸೇರಿಸಿ ಆ ಸಲಹೆಗಾರರ ಜೊತೆ ಕೂರಿ ಅಂದೆ. ಆರು ಜನ ಬಂದ್ರು.

ಇನ್ನೊಂದು ವಿಷಯ ಮಾತಿನ ಮಧ್ಯೆ ಹೊರಗೆ ಬಂತು. ಊರಲ್ಲಿ ನಿಮ್ಮನ್ನ ಏನಂತ ಕರೀತಾರೆ ಅಂದೆ. "ಟೀಚ." ಟೀಚರ್ ಅನ್ನೋದನ್ನೇ ಶೋನಾದಲ್ಲಿ ಹಂಗಂತಾರೆ. ಇಲ್ಲಿ ಬಂದು ವರ್ಷ ಆಗ್ತಾ ಬಂತು, ಒಬ್ರೂ ಹಾಗೆ ಕರೆದಿಲ್ಲ ಅಂದ್ರು. ನಮ್ಮ ಕಡೆ ಮೇಷ್ಟ್ರು ಅಂತೀವಿ ಅಂದೆ, ಅವತ್ತಿಂದ ಹಂಗೇ ಕರೀತಿದೀನಿ. ಫಿಸಿಕ್ಸ್ ಟೀಚರ್ ಸಿಗ್ದೇ ಇಲ್ಲಿಯ ಸ್ಕೂಲುಗಳು ಒದ್ದಾಡ್ತಿವೆ, 2023ರ ಫೆಬ್ರವರಿಯಿಂದ ಜಿಂಬಾಬ್ವೆ, ಘಾನಾ, ನೈಜೀರಿಯಾ, ನಮ್ಮ ಇಂಡಿಯಾ ಕಡೆಯ ಗಣಿತ, ವಿಜ್ಞಾನ, ಭಾಷಾ ಶಿಕ್ಷಕರು ತಮ್ಮ ದೇಶದ ಅರ್ಹತೆ ಮೇಲೇ ಇಂಗ್ಲೆಂಡಿನ ಕ್ಯೂಟಿಎಸ್‌ಗೆ ಅಂದ್ರೆ ಅರ್ಹ ಶಿಕ್ಷಕ ಮಾನ್ಯತೆಗೆ ಅರ್ಜಿ ಹಾಕ್ಬಹುದು. ಮೇಷ್ಟ್ರಿಗೆ ಇದು ಗೊತ್ತೇ ಇರ್ಲಿಲ್ಲ, ಏಜೆಂಟ್ ಯಾಕೆ ಹೇಳ್ತಾನೆ. ಡಿಗ್ರಿ, ಬಿಎಡ್ ಥರದ ಡಿಪ್ಲೊಮಾ, ಸರ್ವೀಸ್ ಪತ್ರ ಎಲ್ಲಾ ಹೆಂಡ್ತಿನೇ ಬಸ್ಸಲ್ಲಿ ಹರಾರೆಗೆ ಎರಡು ಸಲ ಓಡಾಡಿ ತರಿಸಿ ಕಳಿಸಿದ್ರು. ನಿಜ ಹೇಳದೇ ಇದ್ದಿದ್ರೆ ಆಕೆಯನ್ನ ಹೆಂಗೆ ಕಳಿಸ್ತಿದ್ರು ಹೇಳಿ?

ಮಾನ್ಯತೆ ಬಂದಿದೆ. ಸ್ಪಾನ್ಸರ್ ಮಾಡೋ ಸ್ಕೂಲು ಇನ್ನೂ ಸಿಕ್ಕಿಲ್ಲ, ಎರಡು ಇಂಟರ್‌ವ್ಯೂ ಆಗಿದೆ, ಎರಡ್ರಲ್ಲೂ ಇಲ್ಲ ಅಂದಿದಾರೆ. ಎರಡನೇ ಸಲ ಇಲ್ಲ ಅಂದ ರಾತ್ರಿ ಮತ್ತೆ ಮೂರಕ್ಕೆ ಎಚ್ಚರ ಆಯ್ತಂತೆ, ಎದ್ದು ಹೆಂಡ್ತಿಗೆ ಫೋನ್ ಮಾಡಿದ್ರಂತೆ, ಟೈ ಇಲ್ದೇ. ಹದಿಮೂರರಲ್ಲಿ ಐದು ಸಾಲಿಗೆ ಗೀಟು ಬಿದ್ದಿದೆ. ಮಂಗಳವಾರ ಮತ್ತೆ ಬರ್ತಾರೆ, ಆರನೇದು ಅಣ್ಣನ ಸಾಲ.