ಮಗು ಹೊರಗೆ, ಅಮ್ಮ ಒಳಗೆ

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿ, ಕೆಫೆ ಹೊರಗೇ ಬಿಟ್ಟು ಒಳಗೆ ಹೋಗುತ್ತಾರಂತೆ, ನಿಜಾನಾ ಅಂತ ಕೇಳಿದ್ದೀರಿ. ನಿಜ. ಚಳಿಗಾಲದಲ್ಲೂ ಹಾಗೇ, ಬೆಚ್ಚಗೆ ಹೊದಿಸಿ. ತಣ್ಣನೆ ಗಾಳಿಯಲ್ಲಿ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ ಅನ್ನುವುದು ಅಲ್ಲಿನವರ ನಂಬಿಕೆ. ಅಮ್ಮ ಕಿಟಕಿ ಪಕ್ಕ ಕೂತು ಆಗಾಗ ಒಂದು ಕಣ್ಣು ಹಾಯಿಸುತ್ತಿರುತ್ತಾಳೆ, ಅಷ್ಟೇ. 1997ರಲ್ಲಿ ಡೆನ್ಮಾರ್ಕಿನ ತಾಯಿಯೊಬ್ಬರು ನ್ಯೂಯಾರ್ಕಿನಲ್ಲೂ ಹೀಗೇ ಮಾಡಿದರು. ಪೊಲೀಸರು ಬಂಧಿಸಿಬಿಟ್ಟರು! ಪಾಪ, ಊರಿನ ಅಭ್ಯಾಸ ಅಲ್ವಾ?

ಕೋಪನ್‌ಹೇಗನ್‌ನಲ್ಲಿ ಜನರ ಮೇಲಿನ ಈ ನಂಬಿಕೆ ಮೆಟ್ರೊ ನಿಲ್ದಾಣದಲ್ಲೂ ಕಾಣುತ್ತದೆ, ತಡೆಯುವ ಗೇಟು ಇಲ್ಲ. ಹಾಗಂತ ಟಿಕೆಟ್ ಇಲ್ಲದೆ ಸುಮ್ನೆ ಹತ್ತಬೇಡಿ, ತಪಾಸಣೆಯವರು ಬಂದರೆ ದಂಡ ಜೋರಾಗಿಯೇ ಬೀಳುತ್ತದೆ. ಇನ್ನು ಸೈಕಲ್ ಕಳ್ಳತನ ಅಲ್ಲೂ ಜಾಸ್ತಿ. ಬಾಡಿಗೆಗೆ ತಗೊಂಡರೆ ಐದು ನಿಮಿಷಕ್ಕಾದರೂ ಬೀಗ ಹಾಕಿಯೇ ಹೋಗಿ.