ಹೊರದೇಶದಲ್ಲಿ ತೀರಿಕೊಂಡವರನ್ನು ಮನೆಗೆ ತರುವುದು ಹೇಗೆ?

ಹೊರದೇಶದಲ್ಲಿ ತೀರಿಕೊಂಡವರ ದೇಹವನ್ನು ತರಿಸುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಇಂಥ ಕುಟುಂಬಗಳ ಜೊತೆ ನಿಂತು ಕಾಗದಪತ್ರದ ಕೆಲಸ ಮಾಡಿಸುತ್ತಾ ಬಂದಿರುವ ನಮ್ಮ ತಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಅಣ್ಣ ಹೊರದೇಶದಲ್ಲಿ ಕೆಲಸಕ್ಕಿದ್ದರು. ಮೊನ್ನೆ ರಾತ್ರಿ ರೂಮಿನಲ್ಲೇ ತೀರಿಕೊಂಡರು ಅಂತ ಜೊತೆಯಲ್ಲಿದ್ದವರು ಫೋನ್ ಮಾಡಿದರು. ಅಲ್ಲಿ ನಮಗೆ ಯಾರೂ ಗೊತ್ತಿಲ್ಲ. ಮೊದಲು ಏನು ಮಾಡಬೇಕು? ಎಷ್ಟು ದಿನ ಹಿಡಿಯುತ್ತದೆ?

ನಿಮ್ಮ ನೋವಿನ ಹೊತ್ತಿನಲ್ಲಿ ಕಾಗದದ ಮಾತು ಆಡುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಕೆಲಸ ತಡವಾಗುವುದು ವಿಮಾನದಿಂದ ಅಲ್ಲ, ಕಾಗದದಿಂದ.

ಎಲ್ಲಕ್ಕಿಂತ ಮುಂಚೆ ಮನೆಯಲ್ಲಿ ಒಬ್ಬರನ್ನು ಗೊತ್ತುಮಾಡಿ. ಇನ್ನು ಮುಂದೆ ಎಲ್ಲರ ಜೊತೆ ಮಾತಾಡುವುದು ಅವರೊಬ್ಬರೇ. ಭಾವ ಒಂದು ಕಡೆ ಫೋನ್ ಮಾಡುತ್ತಾರೆ, ಚಿಕ್ಕಪ್ಪ ಇನ್ನೊಂದು ಕಡೆ, ಗೆಳೆಯರು ಮತ್ತೊಂದು ಕಡೆ. ಪ್ರೀತಿಯಿಂದಲೇ ಮಾಡುತ್ತಾರೆ, ನಿಜ. ಆದರೆ ಅಲ್ಲಿನವರಿಗೆ ಯಾರ ಮಾತು ಕೇಳಬೇಕು ಅಂತ ಗೊತ್ತಾಗದೆ ಫೈಲು ನಿಂತುಬಿಡುತ್ತದೆ. ಹೆಂಡತಿ ಇದ್ದರೆ ಸಾಮಾನ್ಯವಾಗಿ ಅವರ ಸಹಿಗೇ ಮೊದಲ ಬೆಲೆ. ಅತ್ತಿಗೆ ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಅವರಿಂದ ನಿಮ್ಮ ಹೆಸರಿಗೆ ಅಧಿಕಾರ ಪತ್ರ ಬರೆಸಿಕೊಳ್ಳಿ. ಅಲ್ಲಿ ನಿಮ್ಮ ಪರವಾಗಿ ಓಡಾಡುವವರ ಹೆಸರಿಗೂ ಒಂದು ಬೇಕಾಗುತ್ತದೆ. ಆ ಪತ್ರಕ್ಕೆ ನೋಟರಿ ಸಾಕಾ, ಅಪೊಸ್ಟೈಲ್ ಮುದ್ರೆಯೂ ಬೇಕಾ ಅಂತ ಮೊದಲೇ ಕೇಳಿ. ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಒಪ್ಪಲಿ ಅಂತ 1961ರ ಹೇಗ್ ಒಪ್ಪಂದದಲ್ಲಿ ಮಾಡಿಕೊಂಡ ಮುದ್ರೆ ಅದು. ಎರಡೂ ದೇಶ ಆ ಒಪ್ಪಂದದಲ್ಲಿ ಇದ್ದರೆ ಮಾತ್ರ ನಡೆಯುತ್ತದೆ.

ಎರಡನೆಯದು ನಿಮ್ಮ ದೇಶದ ರಾಯಭಾರ ಕಚೇರಿ. ಪರದೇಶದವರೊಬ್ಬರು ತೀರಿಕೊಂಡ ಸುದ್ದಿ ತಿಳಿದರೆ ಅಲ್ಲಿನ ಸರ್ಕಾರ ತಡಮಾಡದೆ ಅವರ ದೇಶದ ಕಾನ್ಸುಲರ್ ಕಚೇರಿಗೆ, ಅಂದರೆ ಅಲ್ಲಿರುವ ತಮ್ಮ ನಾಗರಿಕರ ಕೆಲಸ ನೋಡುವ ಕಚೇರಿಗೆ, ತಿಳಿಸಬೇಕು ಅಂತ 1963ರ ವಿಯೆನ್ನಾ ಒಪ್ಪಂದದ 37ನೇ ವಿಧಿ ಹೇಳುತ್ತದೆ. ಆದರೂ ಅವರೇ ತಿಳಿಸುತ್ತಾರೆ ಅಂತ ಸುಮ್ನೆ ಕೂರಬೇಡಿ. ನೀವೇ ಫೋನ್ ಮಾಡಿ, ಇಮೇಲ್ ಕೂಡ ಕಳಿಸಿ. ಅಣ್ಣನ ಪೂರ್ತಿ ಹೆಸರು, ಪಾಸ್‌ಪೋರ್ಟ್ ನಂಬರ್, ದೇಹ ಯಾವ ಶವಾಗಾರದಲ್ಲಿದೆ, ಕೆಲಸ ಕೊಟ್ಟವರು ಯಾರು, ನಿಮ್ಮ ಫೋನ್ ನಂಬರ್, ಇಷ್ಟು ಇರಲಿ. ರಾಯಭಾರ ಕಚೇರಿ ಏನು ಮಾಡುತ್ತದೆ ಅನ್ನುವುದೂ ಗೊತ್ತಿರಲಿ. ದೇಹ ಕಳಿಸಲು ನಿರಾಕ್ಷೇಪಣಾ ಪತ್ರ ಕೊಡುತ್ತಾರೆ. ಪಾಸ್‌ಪೋರ್ಟ್ ರದ್ದು ಮಾಡುತ್ತಾರೆ. ನಂಬಬಹುದಾದ ಅಂತ್ಯಕ್ರಿಯೆ ಸಂಸ್ಥೆಗಳ ಪಟ್ಟಿ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಆದರೆ ಪೆಟ್ಟಿಗೆ ಮಾಡಿಸುವುದು, ವಿಮಾನ ಬುಕ್ ಮಾಡುವುದು ಆ ಸಂಸ್ಥೆಯ ಕೆಲಸ.

ರೂಮಿನಲ್ಲಿ ಒಬ್ಬರೇ ಇದ್ದಾಗ ತೀರಿಕೊಂಡಿದ್ದರೆ ಪೊಲೀಸರು ಬಂದೇ ಬರುತ್ತಾರೆ. ಮರಣೋತ್ತರ ಪರೀಕ್ಷೆಯೂ ಆಗಬಹುದು. ಅದನ್ನು ಕೇಳಿ ಗಾಬರಿಯಾಗಬೇಡಿ. ಹೆಚ್ಚಿನ ದೇಶಗಳಲ್ಲಿ ಅದು ಮಾಮೂಲು ಕ್ರಮ, ಯಾರ ಮೇಲೋ ಅನುಮಾನ ಅಂತ ಅರ್ಥವಲ್ಲ. ಪೊಲೀಸರ ಒಪ್ಪಿಗೆ, ಮರಣ ಪ್ರಮಾಣಪತ್ರ, ದೇಹ ಬೇಗ ಕೆಡದ ಹಾಗೆ ಔಷಧಿ ಹಾಕಿದ್ದಕ್ಕೆ ಎಂಬಾಮಿಂಗ್ ಪ್ರಮಾಣಪತ್ರ, ಪೆಟ್ಟಿಗೆಯಲ್ಲಿ ಬೇರೇನೂ ಇಲ್ಲ ಅನ್ನುವ ಪತ್ರ, ನಿರಾಕ್ಷೇಪಣಾ ಪತ್ರ, ಕಡೆಗೆ ಏರ್‌ವೇ ಬಿಲ್, ಅಂದರೆ ವಿಮಾನದಲ್ಲಿ ಸರಕು ಕಳಿಸುವ ಚೀಟಿ. ಸಾಮಾನ್ಯವಾಗಿ ಬೇಕಾಗುವುದು ಇವು. ಕೆಲವು ದೇಶಗಳ ನಡುವೆ ಇವುಗಳ ಜೊತೆಗೆ ಶವ ಸಾಗಣೆಯದೇ ಒಂದು ರಹದಾರಿ ಇರುತ್ತದೆ. 1937ರಲ್ಲಿ ಬರ್ಲಿನ್‌ನಲ್ಲಿ ಆದ ಒಪ್ಪಂದದಲ್ಲಿ ಅದರ ಮಾತಿದೆ. ಯುರೋಪಿನ ದೇಶಗಳು 1973ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಅದನ್ನು ಸಡಿಲ ಮಾಡಿ ಹೊಸದೊಂದು ಒಪ್ಪಂದ ಮಾಡಿಕೊಂಡವು.

ಈ ಎಲ್ಲ ಕಾಗದದಲ್ಲೂ ಹೆಸರು ಒಂದೇ ಥರ ಇರಬೇಕು. ದಯವಿಟ್ಟು ಇದನ್ನು ಸಣ್ಣದು ಅಂದುಕೊಳ್ಳಬೇಡಿ. ನಾನು ನೋಡಿಕೊಳ್ಳುತ್ತಿದ್ದ ಒಂದು ಕುಟುಂಬದ ವಿಷಯದಲ್ಲಿ ಎಲ್ಲ ಮುಗಿದು, ಪೆಟ್ಟಿಗೆ ವಿಮಾನ ನಿಲ್ದಾಣಕ್ಕೆ ಹೋಗಿತ್ತು. ಮರಣ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ಬೇರೆ ಇತ್ತು. ಆಮೇಲೆ ವಾರದ ರಜೆ ಬಂತು. ಪೆಟ್ಟಿಗೆ ಮೂರು ದಿನ ಶೀತಲ ಕೋಣೆಯಲ್ಲೇ ಉಳಿಯಿತು. ಆ ಮೂರು ದಿನ ಅವರ ತಾಯಿ ಬಾಗಿಲಲ್ಲೇ ಕೂತಿದ್ದರು. ಕರಡು ಬಂದಾಗ ನಾನೂ ಕಣ್ಣಿಟ್ಟು ನೋಡಬೇಕಿತ್ತು, ನೋಡಿರಲಿಲ್ಲ. ಅಂದಿನಿಂದ ಯಾರೇ ಕೇಳಿದರೂ ಮೊದಲು ಹೇಳುವುದು ಇದನ್ನೇ. ಕರಡನ್ನು ಫೋನಿಗೆ ತರಿಸಿಕೊಂಡು, ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು, ಅಕ್ಷರ ಅಕ್ಷರ ಹೋಲಿಸಿ. ಆಮೇಲೆ ಸಹಿಗೆ ಕಳಿಸಿ.

ದಿನದ ಲೆಕ್ಕ ಕೇಳಿದ್ದೀರಿ. ಆಸ್ಪತ್ರೆಯಲ್ಲಿ ಸಹಜವಾಗಿ ಆದ ಸಾವಾದರೆ ಕೆಲವೇ ದಿನದಲ್ಲಿ ಮುಗಿಯಬಹುದು. ತನಿಖೆ ಇದ್ದರೆ ವಾರಗಳೇ ಹಿಡಿಯಬಹುದು. ಏರ್‌ವೇ ಬಿಲ್ ನಂಬರ್ ಕೈಗೆ ಬರುವವರೆಗೆ ಅಂತ್ಯಕ್ರಿಯೆಯ ದಿನ ಹೇಳಬೇಡಿ. ದೂರದಿಂದ ಬಂದ ನೆಂಟರನ್ನು ಮತ್ತೆ ವಾಪಸ್ ಕಳಿಸುವುದು, ದಿನ ಮುಂದೆ ಹಾಕುವುದು, ಇವೆಲ್ಲ ಮನೆಯವರನ್ನು ಇನ್ನೂ ಜಾಸ್ತಿ ಸುಸ್ತು ಮಾಡುತ್ತವೆ.

ಇನ್ನೊಂದು ಮಾತು. ಸಹಾಯ ಸಿಗಲಿ ಅಂತ ಅಣ್ಣನ ಪಾಸ್‌ಪೋರ್ಟ್ ಫೋಟೋವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಅದೇ ಫೋಟೋ ಇಟ್ಟುಕೊಂಡು ಹಣ ಕೀಳುವವರು ಇದ್ದಾರೆ.

ಪ್ರಶ್ನೆ: ಅಪ್ಪನ ದೇಹಕ್ಕೆ ಔಷಧಿ ಹಾಕಿಸುವುದು ಬೇಡ ಅಂತ ಅಮ್ಮ ಹಟ ಹಿಡಿದಿದ್ದಾರೆ. ಎಂಬಾಮಿಂಗ್ ಕಡ್ಡಾಯವಾ? ಮನೆಗೆ ಬಂದ ಮೇಲೆ ಅಪ್ಪನ ಮುಖ ನೋಡಬಹುದಾ?

ಅಮ್ಮನಿಗೆ ಆ ಪದವೇ ಭಯ ಹುಟ್ಟಿಸಿರಬೇಕು. ಅಲ್ಲಿ ಏನು ನಡೆಯುತ್ತದೆ ಅಂತ ಸರಳವಾಗಿ ಹೇಳುತ್ತೇನೆ, ನೀವು ಅವರಿಗೆ ಹೇಳಿ. ದೇಹದ ದೊಡ್ಡ ರಕ್ತನಾಳವೊಂದರಿಂದ ಫಾರ್ಮಾಲ್ಡಿಹೈಡ್ ಸೇರಿದ ದ್ರವ ಒಳಗೆ ಬಿಡುತ್ತಾರೆ. ಇನ್ನೊಂದು ನಾಳದಿಂದ ರಕ್ತ ಹೊರಗೆ ಬರುತ್ತದೆ. ರಕ್ತ ಓಡಾಡುತ್ತಿದ್ದ ದಾರಿಯಲ್ಲೇ ಆ ದ್ರವ ಹರಡಿ ದೇಹ ಕೆಡುವುದನ್ನು ನಿಧಾನ ಮಾಡುತ್ತದೆ. ಬೇಗ ಮಾಡಿದಷ್ಟೂ ಒಳ್ಳೆಯದು. ಮರಣೋತ್ತರ ಪರೀಕ್ಷೆ ಆಗಿದ್ದರೆ ನಾಳಗಳು ಕತ್ತರಿಸಿರುತ್ತವೆ, ಆಗ ಬೇರೆ ಬೇರೆ ಕಡೆಯಿಂದ ದ್ರವ ಬಿಡಬೇಕಾಗುತ್ತದೆ. ಕೆಲಸ ಕಷ್ಟ, ಆದರೆ ಆಗುತ್ತದೆ.

ಕಡ್ಡಾಯವಾ ಅನ್ನುವುದನ್ನು ಹೇಳುವವರು ಮೂವರು. ದೇಹ ಹೊರಡುವ ದೇಶ, ತಲುಪುವ ದೇಶ, ಹೊತ್ತು ತರುವ ವಿಮಾನ ಕಂಪನಿ. ಮೂವರಲ್ಲಿ ಒಬ್ಬರು ಬೇಕು ಅಂದರೂ ಮಾಡಿಸಲೇಬೇಕು. ಧರ್ಮದ ಕಾರಣಕ್ಕೆ ಬೇಡ ಅನ್ನುವವರಿಗೆ ಕೆಲವು ಕಡೆ ವಿನಾಯಿತಿ ಇದೆ. ಆಗ ಗಾಳಿಯಾಡದ ಹಾಗೆ ಬೆಸುಗೆ ಹಾಕಿದ ಪೆಟ್ಟಿಗೆ ಬೇಕು, ಪ್ರಯಾಣವೂ ಬೇಗ ಮುಗಿಯಬೇಕು. ಅಂತ್ಯಕ್ರಿಯೆ ಸಂಸ್ಥೆಯವರ ಹತ್ತಿರ ಲಿಖಿತವಾಗಿ ಕೇಳಿ. ಬಾಯಿಮಾತು ನಂಬಿ ಅಮ್ಮನಿಗೆ ಮಾತು ಕೊಡಬೇಡಿ.

ಮುಖ ನೋಡುವ ಪ್ರಶ್ನೆಗೆ ಪೆಟ್ಟಿಗೆಯ ವಿಷಯ ಗೊತ್ತಿರಬೇಕು. ಸ್ಟ್ರಾಸ್‌ಬರ್ಗ್ ಒಪ್ಪಂದವನ್ನೇ ನೋಡಿ. ಒಳಗೆ ಬೆಸುಗೆ ಹಾಕಿದ ಸತುವಿನ ಪೆಟ್ಟಿಗೆ ಇಟ್ಟರೆ ಹೊರಗಿನ ಮರದ ಪೆಟ್ಟಿಗೆ ಕನಿಷ್ಠ 20 ಮಿಲಿಮೀಟರ್ ದಪ್ಪ ಇರಬೇಕು. ಒಂದೇ ಪೆಟ್ಟಿಗೆಗೆ ಸತುವಿನ ತಗಡು ಹೊದಿಸುವುದಾದರೆ ಮರ ಕನಿಷ್ಠ 30 ಮಿಲಿಮೀಟರ್ ಇರಬೇಕು. ಒಳಗೆ ದ್ರವ ಹೀರುವ ವಸ್ತು ಹಾಕಬೇಕು. ಇಷ್ಟು ಭದ್ರವಾಗಿ ಮುಚ್ಚಿದ್ದನ್ನು ಮನೆಯಲ್ಲಿ ತೆರೆಯುವುದು ಸುಲಭದ ಮಾತಲ್ಲ. ಸಾಂಕ್ರಾಮಿಕ ರೋಗದಿಂದ ಆದ ಸಾವಾದರೆ ತೆರೆಯಲೇಬಾರದು. ಉಳಿದಂತೆ ತಲುಪುವ ದೇಶದ ಆರೋಗ್ಯ ಇಲಾಖೆಯ ನಿಯಮ ಕೇಳಿ. ಕೆಲವು ಸತುವಿನ ಪೆಟ್ಟಿಗೆಗಳಿಗೆ ಮುಖದ ಜಾಗದಲ್ಲಿ ಚಿಕ್ಕ ಗಾಜು ಇರುತ್ತದೆ. ಅಂಥದ್ದು ಸಿಗುತ್ತದಾ ಅಂತ ಪೆಟ್ಟಿಗೆ ಮಾಡಿಸುವ ಮುಂಚೆಯೇ ವಿಚಾರಿಸಿ, ಆಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ನೋಡಲು ಅವಕಾಶ ಇದ್ದರೆ ಮೊದಲು ಗಟ್ಟಿ ಮನಸ್ಸಿನವರೊಬ್ಬರು ನೋಡಿ ಬರಲಿ. ಮುಖದ ಬಣ್ಣ ಕಪ್ಪಾಗಿರಬಹುದು, ಊದಿರಬಹುದು. ಔಷಧಿಯ ವಾಸನೆ ಕಣ್ಣಿಗೆ ಉರಿ ಬರಿಸುತ್ತದೆ. ಅವರು ಬಂದು ಅಮ್ಮನಿಗೆ ಇದ್ದದ್ದನ್ನು ಇದ್ದಹಾಗೆ ಹೇಳಲಿ. ಆಮೇಲೆ ನೋಡುವುದು ಬಿಡುವುದು ಅಮ್ಮನಿಗೆ ಬಿಟ್ಟದ್ದು. ಅವರ ಒಳ್ಳೆಯದಕ್ಕೆ ಅಂತ ನೀವು ತಡೆಯಬೇಡಿ. ಕಡೇ ಸಲ ನೋಡಲು ಬಿಡಲಿಲ್ಲ ಅನ್ನುವ ಕೊರಗು ವರ್ಷಗಟ್ಟಲೆ ಉಳಿದದ್ದನ್ನು ನಾನು ಕಂಡಿದ್ದೇನೆ. ನೋಡಲು ಆಗದು ಅನ್ನಿಸಿದರೆ, ಅಂತ್ಯಕ್ರಿಯೆ ಸಂಸ್ಥೆಯವರು ಪೆಟ್ಟಿಗೆ ಮುಚ್ಚುವ ಮುಂಚೆ ತೆಗೆದ ಒಂದು ಫೋಟೋ ತರಿಸಿ ಇಟ್ಟುಕೊಳ್ಳಿ. ಬೇಕು ಅನ್ನಿಸಿದ ದಿನ ನೋಡಬಹುದು.

ದಹನ ಮಾಡುವುದಾದರೆ ಇನ್ನೆರಡು ವಿಷಯ. ಸತುವಿನ ಪೆಟ್ಟಿಗೆಯ ಸಮೇತ ಚಿತಾಗಾರದವರು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಬಿಡಿಸುವ ವ್ಯವಸ್ಥೆ ಮೊದಲೇ ಆಗಿರಲಿ. ಅಪ್ಪನಿಗೆ ಪೇಸ್‌ಮೇಕರ್ ಹಾಕಿದ್ದರೆ ಎಂಬಾಮಿಂಗ್ ಮಾಡುವಾಗಲೇ ತೆಗೆಯಲು ಹೇಳಿ. ಅದರ ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ.

ಪ್ರಶ್ನೆ: ತಂಗಿ ಮದುವೆಯಾಗಿ ಗಂಡನ ಜೊತೆ ಹೊರದೇಶದಲ್ಲಿದ್ದಳು. ಆತ್ಮಹತ್ಯೆ ಅನ್ನುತ್ತಿದ್ದಾರೆ. ನಮಗೆ ನಂಬಿಕೆ ಬರುತ್ತಿಲ್ಲ. ಅವಳ ಗಂಡ ಅಲ್ಲೇ ದಹನ ಮಾಡಿಸುತ್ತೇನೆ ಅನ್ನುತ್ತಿದ್ದಾರೆ.

ಇದನ್ನು ಓದಿದ ಕೂಡಲೇ ನಿಮಗೆ ಬೇರೆಯಾಗಿಯೂ ಉತ್ತರ ಕಳಿಸಿದ್ದೇನೆ. ಇಲ್ಲೂ ಬರೆಯುತ್ತಿರುವುದು ಇಂಥ ಕಷ್ಟದಲ್ಲಿ ಸಿಕ್ಕಿಕೊಂಡ ಇನ್ನೊಂದು ಮನೆಗೆ ಉಪಯೋಗವಾಗಲಿ ಅಂತ.

ಹೆಚ್ಚಿನ ದೇಶಗಳಲ್ಲಿ ದೇಹದ ಮೇಲಿನ ಮೊದಲ ಹಕ್ಕು ಗಂಡನದ್ದೇ. ಆದ್ದರಿಂದ ಫೋನಿನಲ್ಲಿ ಜಗಳ ಮಾಡಿ ಪ್ರಯೋಜನ ಇಲ್ಲ. ಇವತ್ತೇ ಅಲ್ಲಿನ ಪೊಲೀಸರಿಗೆ, ಮರಣೋತ್ತರ ಪರೀಕ್ಷೆ ಮಾಡಿಸುವ ಅಧಿಕಾರಿಗೆ, ನಿಮ್ಮ ರಾಯಭಾರ ಕಚೇರಿಗೆ ಒಂದೇ ಪತ್ರವನ್ನು ಇಮೇಲ್ ಮಾಡಿ. ಅನುಮಾನ ಯಾಕೆ ಅಂತ ದಿನಾಂಕದ ಸಮೇತ ಬರೆಯಿರಿ. ಅವಳು ಕಳಿಸಿದ ಮೆಸೇಜು, ಧ್ವನಿ ಸಂದೇಶ, ಫೋಟೋ ಇದ್ದರೆ ಪ್ರತಿ ಲಗತ್ತಿಸಿ. ಮೂಲ ಇರುವ ಫೋನನ್ನು ಹಾಗೇ ಎತ್ತಿಡಿ. ತನಿಖೆ ಮುಗಿಯುವವರೆಗೆ ದಹನಕ್ಕೂ ಎಂಬಾಮಿಂಗ್‌ಗೂ ಅನುಮತಿ ಕೊಡಬೇಡಿ ಅಂತ ಸ್ಪಷ್ಟವಾಗಿ ಕೇಳಿಕೊಳ್ಳಿ.

ಎಂಬಾಮಿಂಗ್ ಯಾಕೆ ಬೇಡ ಅಂದರೆ, ಆ ದ್ರವ ಒಳಗೆ ಹೋದ ಮೇಲೆ ವಿಷ, ಮದ್ಯ, ಔಷಧಿಗಳ ಪರೀಕ್ಷೆಯ ಫಲಿತಾಂಶ ಕೆಡಬಹುದು. ರಕ್ತ ಮತ್ತು ಇತರ ಮಾದರಿಗಳನ್ನು ಅದಕ್ಕೂ ಮುಂಚೆಯೇ ತೆಗೆದಿರಬೇಕು. ಯಾವ ಮಾದರಿ ತೆಗೆದರು, ಎಲ್ಲಿ ಇಟ್ಟಿದ್ದಾರೆ, ಅಂಗಾಂಗ ಏನಾದರೂ ಉಳಿಸಿಕೊಂಡಿದ್ದಾರಾ ಅಂತ ದೇಹ ಹೊರಡುವ ಮುಂಚೆ ಕೇಳಿ. ಮನೆಗೆ ಬಂದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬಹುದು. ಆದರೆ ಆ ವೈದ್ಯರಿಗೆ ಮೊದಲ ವರದಿ ಕೈಯಲ್ಲಿ ಇಲ್ಲದಿದ್ದರೆ ಅರ್ಧ ಕಣ್ಣು ಕಟ್ಟಿದ ಹಾಗೆ. ಸಾಧ್ಯವಾದರೆ ಅಲ್ಲಿನ ಒಬ್ಬ ವಕೀಲರನ್ನು ಹಿಡಿಯಿರಿ. ದೇಹ ಸ್ವಲ್ಪ ತಡವಾಗಿ ಬಂದರೂ ಪರವಾಗಿಲ್ಲ. ಬೂದಿಯಾದ ಮೇಲೆ ಕೇಳಲು ಏನೂ ಉಳಿಯುವುದಿಲ್ಲ, ಅಲ್ವಾ?

ಪ್ರಶ್ನೆ: ಖರ್ಚು ಯಾರು ಕೊಡುತ್ತಾರೆ? ಇನ್ಶೂರೆನ್ಸ್ ಇದೆ ಅಂತ ಹೇಳುತ್ತಾರೆ, ಕಾಗದ ಸಿಕ್ಕಿಲ್ಲ.

ಕಾಗದ ಸಿಗದಿದ್ದರೂ ಹುಡುಕುವ ದಾರಿ ಇದೆ. ಪ್ರಯಾಣ ವಿಮೆಯಾದರೆ ಟಿಕೆಟ್ ಮಾಡಿಸಿದ ಇಮೇಲ್‌ನಲ್ಲಿ ಇರಬಹುದು. ಕೆಲಸಕ್ಕೆ ಹೋಗಿದ್ದರೆ ಮಾಲೀಕರ ಹತ್ತಿರ ಕೇಳಿ, ಕೆಲಸದ ಕರಾರಿನಲ್ಲಿ ದೇಹ ಕಳಿಸುವ ಹೊಣೆ ಯಾರದು ಅಂತ ಬರೆದಿರಬಹುದು. ಬ್ಯಾಂಕ್ ಕಾರ್ಡಿನ ಜೊತೆಗೂ ಕೆಲವೊಮ್ಮೆ ವಿಮೆ ಬರುತ್ತದೆ.

ವಿಮೆ ಇದ್ದರೆ ಒಂದೇ ಒಂದು ಎಚ್ಚರಿಕೆ. ಯಾರಿಗೂ ಹಣ ಕೊಡುವ ಮುಂಚೆ ವಿಮೆಯವರ ತುರ್ತು ನಂಬರಿಗೆ ಫೋನ್ ಮಾಡಿ. ಅವರದೇ ಸಂಸ್ಥೆಗಳು ಇರುತ್ತವೆ. ನೀವಾಗಿಯೇ ಮಾಡಿಸಿ ಆಮೇಲೆ ಬಿಲ್ ಕಳಿಸಿದರೆ ತಕರಾರು ತೆಗೆಯುತ್ತಾರೆ. ಮುಂಚಿನಿಂದ ಇದ್ದ ಕಾಯಿಲೆ, ಕುಡಿತ ಅನ್ನುವ ಕಾರಣ ಕೊಟ್ಟು ನಿರಾಕರಿಸಿದರೆ ಆ ನಿರಾಕರಣೆಯನ್ನು ಬರೆದು ಕೊಡಿ ಅಂತ ಕೇಳಿ.

ವಿಮೆ ಇಲ್ಲದಿದ್ದರೆ ಎರಡು ಮೂರು ಸಂಸ್ಥೆಗಳಿಂದ ಲಿಖಿತ ದರಪಟ್ಟಿ ತರಿಸಿ. ದೇಹ ಸರಕು ವಿಭಾಗದಲ್ಲಿ ಬರುತ್ತದೆ, ಬಾಡಿಗೆ ಹೆಚ್ಚಾಗಿ ತೂಕದ ಮೇಲೆ. ಸತು, ಮರ ಎಲ್ಲ ಸೇರಿ ಪೆಟ್ಟಿಗೆ ತುಂಬಾ ಭಾರ. ಆದ್ದರಿಂದ ದುಬಾರಿ ಪೆಟ್ಟಿಗೆ ತೋರಿಸಿದರೆ ಬೇಡ ಅನ್ನಲು ಸಂಕೋಚ ಬೇಡ. ಪ್ರೀತಿ ಪೆಟ್ಟಿಗೆಯ ಬೆಲೆಯಲ್ಲಿ ಇರುವುದಿಲ್ಲ. ಸಾಧ್ಯವಾದರೆ ನೇರ ವಿಮಾನ ಆರಿಸಿ. ನಡುವೆ ಇಳಿಸುವ ದೇಶ ಬೇರೆ ಅನುಮತಿ ಕೇಳಬಹುದು. ಚಿಕ್ಕ ವಿಮಾನದ ಸರಕು ಬಾಗಿಲಲ್ಲಿ ಪೆಟ್ಟಿಗೆ ಹಿಡಿಸದೆಯೂ ಹೋಗಬಹುದು. ಹಾಗಾದರೆ ದೊಡ್ಡ ನಿಲ್ದಾಣದಲ್ಲೇ ಇಳಿಸಿಕೊಂಡು ಅಲ್ಲಿಂದ ರಸ್ತೆಯಲ್ಲಿ ತರುವುದು ಒಳ್ಳೆಯದು. ಬಿಡಿಸಿಕೊಳ್ಳಲು ಸರಕು ವಿಭಾಗಕ್ಕೆ ಹೋಗುವವರ ಹೆಸರೇ ಏರ್‌ವೇ ಬಿಲ್‌ನಲ್ಲಿ ಇರಲಿ. ಗುರುತಿನ ಚೀಟಿ ಜೊತೆಗಿರಲಿ.

ಪ್ರಶ್ನೆ: ಅಲ್ಲೇ ದಹನ ಮಾಡಿಸಿ ಬೂದಿ ತರುವ ಯೋಚನೆ ಇದೆ. ನೆಂಟರು ತಪ್ಪು ಅನ್ನುತ್ತಿದ್ದಾರೆ. ಬೂದಿಯನ್ನು ವಿಮಾನದಲ್ಲಿ ತರಲು ಬಿಡುತ್ತಾರಾ?

ತಪ್ಪಲ್ಲ. ಹಣ, ದಿನ, ತೀರಿಕೊಂಡವರ ಮನಸ್ಸು, ನಿಮ್ಮ ಶಕ್ತಿ, ಎಲ್ಲ ನೋಡಿ ಮನೆಯವರು ಮಾಡುವ ತೀರ್ಮಾನ ಅದು.

ಬೂದಿಗೆ ಕಾಗದದ ಕಾಟ ಬಹಳ ಕಡಿಮೆ. ಮೇಲೆ ಹೇಳಿದ ಸ್ಟ್ರಾಸ್‌ಬರ್ಗ್ ಒಪ್ಪಂದ ಬೂದಿಗೆ ಅನ್ವಯಿಸುವುದೇ ಇಲ್ಲ. ದಹನದ ಪ್ರಮಾಣಪತ್ರ, ಮರಣ ಪ್ರಮಾಣಪತ್ರ ಜೊತೆಗಿರಲಿ. ರಾಯಭಾರ ಕಚೇರಿಯ ಪತ್ರ ಬೇಕಾ ಅಂತ ಕೇಳಿಕೊಳ್ಳಿ. ಬೂದಿ ಇಡುವ ಕರಂಡಕ ಮರದ್ದೋ ಪ್ಲಾಸ್ಟಿಕ್‌ನದ್ದೋ ಇರಲಿ, ಲೋಹದ್ದು ಬೇಡ. ಎಕ್ಸ್‌ರೇ ಒಳಗೆ ಹಾಯದಿದ್ದರೆ ಭದ್ರತೆಯವರು ಒಳಗೆ ಬಿಡುವುದಿಲ್ಲ. ಬಿಚ್ಚಿ ನೋಡಿ ಅಂದರೂ ಎಷ್ಟೋ ಕಡೆ ಅವರು ಬಿಚ್ಚುವುದಿಲ್ಲ. ಚೆಂದದ ಹಿತ್ತಾಳೆ ಕರಂಡಕ ಬೇಕಿದ್ದರೆ ಮನೆಗೆ ಬಂದ ಮೇಲೆ ಬದಲಿಸಿ. ಕೈಚೀಲದಲ್ಲೇ ತನ್ನಿ, ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ, ಅದು ಎಲ್ಲಾದರೂ ಕಳೆದುಹೋದರೆ ತಡೆದುಕೊಳ್ಳಲು ಆಗದು. ಟಿಕೆಟ್ ಮಾಡಿಸುವಾಗಲೇ ವಿಮಾನ ಕಂಪನಿಗೆ ತಿಳಿಸಿ. ಆ ದಿನ ಸ್ವಲ್ಪ ಬೇಗ ಹೋಗಿ, ಭದ್ರತಾ ಸಾಲಿನಲ್ಲಿ ನಿಮ್ಮ ಸರದಿ ಬಂದಾಗ ಕಾಗದ ತೋರಿಸಿ, ಇದರಲ್ಲಿ ನಮ್ಮವರ ಬೂದಿ ಇದೆ ಅಂತ ನೀವೇ ಮೊದಲು ಹೇಳಿಬಿಡಿ.